ತೂಬಿಲ್ಲದ ಏರಿ

ಪಂಚನಹಳ್ಳಿಯಲ್ಲಿ ನಮ್ಮ ಪಕ್ಕದ ತೋಟ ಒಬ್ಬ ನಿವೃತ್ತ ಚರಿತ್ರೆ ಮೇಷ್ಟ್ರದ್ದಾಗಿತ್ತು. ಎರಡು ತೋಟಗಳ ನಡುವೆ ಅವರು ಎದೆಮಟ್ಟ ಬದು ಹಾಕಿಸಿ, ಮಣ್ಣನ್ನು ಮಾತ್ರ ನಮ್ಮ ಕಡೆ ಟ್ರೆಂಚು ತೋಡಿ ತೆಗೆಸಿದ್ದರು. ಇಳಿಜಾರು ಅವರ ಕಡೆಗಿದ್ದರೂ, ಮಳೆಯ ನೀರು ಆ ಟ್ರೆಂಚು ತುಂಬಿ ನಮ್ಮ ತೆಂಗಿನ ಸಸಿಗಳ ಬುಡದಲ್ಲೇ ನಿಲ್ಲುತ್ತಿತ್ತು.

ಬದುವನ್ನು ಸ್ವಲ್ಪ ಕಡಿಸಿ ಎಂದು ಕೇಳಹೋದರೆ ಮೊದಲು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುವರು. ಆಮೇಲೆ, "ಚರಿತ್ರೆ ಓದ್ಬೇಕು ಕಣಮ್ಮ. ಇಂಗ್ಲೆಂಡಲ್ಲಿ ಆಫಾ ಅಂತ ರಾಜ ಇದ್ದ. ಪಕ್ಕದ ವೇಲ್ಸ್‌ನೋರು ಒಳಗ್ ಬರದಂಗೆ ಗಡಿ ಉದ್ದಕ್ಕೂ ಏರಿ ಹಾಕಿಸ್ದ. ಟ್ರೆಂಚು ಅವರ ಕಡೆ, ದಿಬ್ಬ ಇವನ ಕಡೆ. ಸಾವಿರದಿನ್ನೂರು ವರ್ಷ ಆಯ್ತು, ಇನ್ನೂ ನಿಂತೈತೆ!"

ಕಾನ್ವೆಂಟಿನ ಸಿಸ್ಟರುಗಳೂ ನನಗೆ ಕಲಿಸದಿದ್ದ ಈ ರಾಜನನ್ನು ಒಂದೇ ಮಳೆಗಾಲದಲ್ಲಿ ಆರು ಸಲ ಸಹಿಸಿದೆ. ಅಷ್ಟರಲ್ಲಿ ನಾಲ್ಕು ಸಸಿ ಹಳದಿಯಾದವು.

ಏಳನೆಯ ಸಲ ಅತ್ತೆಯೂ ಬಂದರು. ದೊಡ್ಡ ಕೆರೆಯ ಊರು ಬುಕ್ಕಾಂಬುಧಿಯಲ್ಲಿ ಹುಟ್ಟಿ ಬೆಳೆದ ಅವರಿಗೆ ಏರಿ ಎಂದರೆ ಕೆರೆಯ ಏರಿ. ಏರಿ ಎಂದಮೇಲೆ ನೀರು ಬಿಡುವ ತೂಬು ಇರಲೇಬೇಕು. ಕಥೆಯನ್ನು ಪೂರ್ತಿ ಕೇಳಿ, "ಅಲ್ಲ ಮೇಷ್ಟ್ರೇ, ತೂಬು ಎಲ್ಲಿಟ್ಟವ್ನೆ ನಿಮ್ಮ ರಾಜ? ತೂಬಿಲ್ದ ಏರಿ ಕಟ್ಟೋನು ಎಂಥಾ ದಡ್ಡ ಕಣಪ್ಪಾ!" ಎಂದರು.

ಮೇಷ್ಟ್ರು ಕನ್ನಡಕವನ್ನು ಬಹಳ ಹೊತ್ತು ಒರೆಸಿದರು. ಅವರ ರಾಜನನ್ನು ಅದುವರೆಗೆ ಯಾರೂ ದಡ್ಡ ಅಂದಿರಲಿಲ್ಲವೇನೋ. ಮಾರನೆಯ ಬೆಳಿಗ್ಗೆ ತಾವೇ ಗುದ್ದಲಿ ಹಿಡಿದು, ಬದುವಿನೊಳಗೆ ಪೈಪು ಹೂತು, ನನ್ನನ್ನು ಕೂಗಿದರು.

"ತಗೊಳಮ್ಮ, ತೂಬು. ನಿಮ್ಮತ್ತೆಗೆ ಹೇಳ್ಬಿಡು."

ಹೋಗಿ ನೋಡಿದೆ. ನಮ್ಮ ಕಡೆ ಪೈಪಿನ ಬಾಯಿ, ನಿಂತ ನೀರಿಗಿಂತ ಒಂದು ಗೇಣು ಮೇಲಿತ್ತು.