ಯಾವ ಊರು, ಯಾರ ಮನೆ

ರಾಮಕುಂಜದ ಊರ್ಮಿಳಾ ಪುತ್ತೂರಿನ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಇಂಗ್ಲಿಷಿನ ಅತಿಥಿ ಉಪನ್ಯಾಸಕಿ. ನೋಟ್ಸ್ ಬರೆಸುವುದನ್ನು ಅವರು ಎಂದೋ ಬಿಟ್ಟಿದ್ದರು. ತರಗತಿಯಲ್ಲಿ ಒಂದು ಇಂಗ್ಲಿಷ್ ಕಥೆ ಓದಿಸಿ, ಅದಕ್ಕೆ ಹತ್ತಿರವಾದುದನ್ನು ವಿದ್ಯಾರ್ಥಿಗಳ ಬದುಕಿನಿಂದಲೇ ಆರಿಸಿ ಒಂದು ಪುಟ ಬರೆಸುತ್ತಿದ್ದರು. ತಿದ್ದಿಸಿದ ಮೇಲೆ ಅತ್ಯುತ್ತಮವಾದುದು ಗೋಡೆಪತ್ರಿಕೆಗೆ ಹೋಗುತ್ತಿತ್ತು. ಮಸುಕಾದ ವಾಕ್ಯವನ್ನು ಅವರು ಸಹಿಸುತ್ತಿರಲಿಲ್ಲ.

ಆ ವಾರದ ಕಥೆಯಲ್ಲಿ ಒಂದು ಕುಟುಂಬ ತನ್ನ ರೋಗಿಯನ್ನು ಅತಿಥಿಗಳಿಂದ ಬಚ್ಚಿಡುತ್ತದೆ. ಅಜ್ಜಾವರದ ಪೂಜಿತಾ, ಎರಡನೇ ವರ್ಷದ ವಿದ್ಯಾರ್ಥಿನಿ, ‘ಒಂದು ಊರಿನಲ್ಲಿ ಒಬ್ಬನನ್ನು ಕೋಣೆಯಲ್ಲಿ ಕೂಡಿಹಾಕಿದ್ದರು’ ಎಂದು ಬರೆದಳು. ಊರ್ಮಿಳಾ ಅದನ್ನು ಎಲ್ಲರೆದುರು ಓದಿಸಿದರು.

“ಯಾವ ಊರು ಮಾರಾಯ್ತಿ? ಗಾಳಿಯಲ್ಲಿ ಉಂಟಾ ನಿನ್ನ ಊರು?”

ತರಗತಿ ನಕ್ಕಿತು. ಮರುವಾರ ಪುಟದಲ್ಲಿ ಊರು ಅಜ್ಜಾವರವಾಯಿತು, ಮನುಷ್ಯ ಅವಳ ಮನೋರೋಗಿ ದೊಡ್ಡಪ್ಪನಾದ. ಹದಿನಾಲ್ಕು ವರ್ಷ, ಹೊರಗಿನಿಂದ ಚಿಲಕ, ಕಿಟಕಿಯಿಂದ ತಟ್ಟೆ. ಅಂಟಿಸಬೇಡಿ ಎಂದು ಪೂಜಿತಾ ಬೇಡಿಕೊಂಡಳು. ಬರೆಯುವವರಿಗೆ ಧೈರ್ಯ ಬೇಕು ಎಂದು ಹೇಳಿ ಊರ್ಮಿಳಾ ಹೆಸರು ಸಮೇತ ಅಂಟಿಸಿದರು. ಅಧ್ಯಯನಕ್ಕೆ ಒಳಗಾದವರ ಗುರುತನ್ನು ಮರೆಮಾಡುವುದು ವೈದ್ಯವಿಜ್ಞಾನದ ಮೊದಲ ಮರ್ಯಾದೆ. ಗೋಡೆಪತ್ರಿಕೆಗೆ ಅಂಥ ನಿಯಮವಿರಲಿಲ್ಲ.

ಪೂಜಿತಾಳ ಅಕ್ಕನಿಗೆ ಸಂಪಾಜೆಯ ಮನೆಯೊಂದರಲ್ಲಿ ಸಂಬಂಧ ನಿಶ್ಚಯವಾಗಿತ್ತು. ಅದೇ ಕಾಲೇಜಿನಲ್ಲಿ ಓದುತ್ತಿದ್ದ ವರನ ತಮ್ಮ ಅಭಿರಾಮ್ ಪುಟದ ಫೋಟೊ ತೆಗೆದು ಮನೆಗೆ ಕಳಿಸಿದ. ಮನೋರೋಗ ವಂಶದಲ್ಲಿ ಎಷ್ಟು ಹರಿಯುತ್ತದೆ ಎಂಬುದಕ್ಕೆ ವೈದ್ಯರಲ್ಲೂ ಸರಳ ಉತ್ತರವಿಲ್ಲ. ಸಂಪಾಜೆಯವರಿಗೆ ಅದು ಒಂದೇ ಸಂಜೆಯಲ್ಲಿ ಸಿಕ್ಕಿತು. ಬರೆದದ್ದು ಕಲ್ಪನೆಯೆಂದು ಟೀಚರೇ ಹೇಳಿದರೆ ಮಾತ್ರ ಮಾತು ಮುಂದುವರಿಸುವುದಾಗಿ ತಿಳಿಸಿದರು.

ಮರುದಿನ ಪೂಜಿತಾಳ ತಂದೆ ತೀರ್ಥರಾಮ ಮಗಳೊಂದಿಗೆ ಸ್ಟಾಫ್ ರೂಮಿಗೆ ಬಂದರು. ಧ್ವನಿ ಏರಿಸಲಿಲ್ಲ. ಸಂಬಂಧ ಮುರಿದರೆ ಇವಳ ಓದು ಇಂದಿಗೇ ಮುಗಿಯಿತು ಎಂದು ತಿಳಿಸಿ, ವರನ ತಂದೆಯ ನಂಬರು ತೆಗೆದು ಫೋನನ್ನು ಮುಂದೆ ಹಿಡಿದರು.

“ಕಟ್ಟಿದ ಕತೆ ಅಂತ ಒಂದು ಮಾತು ಹೇಳಿ ಮೇಡಂ. ಸಾಕು,” ಎಂದು ಹೇಳಿ ಕರೆ ಒತ್ತಿದರು.

ಪಕ್ಕದ ಮೇಜುಗಳಲ್ಲಿ ಸಹೋದ್ಯೋಗಿಗಳು ಕೇಳುತ್ತಿದ್ದರು. ಊರ್ಮಿಳಾ ಬೆನ್ನು ನೆಟ್ಟಗೆ ಮಾಡಿದರು.

“ನಾನು ಬರೆಯಲಿಕ್ಕೆ ಕಲಿಸುದು. ಸುಳ್ಳು ಹೇಳ್ಲಿಕ್ಕೆ ಅಲ್ಲ.”

“ನೀವು ಕಲಿಸುದೇ ಕತೆ ಅಲ್ವಾ ಮೇಡಂ?” ಎಂದಳು ಪೂಜಿತಾ.

ಅದು ಮೊರೆಯಾಗಿತ್ತು. ಊರ್ಮಿಳಾರಿಗೆ ಉದ್ಧಟತನವಾಗಿ ಕೇಳಿತು. ಗುರುವಿನೆದುರು ಹೇಗೆ ಮಾತಾಡಬೇಕೆಂದು ಮನೆಯಲ್ಲಿ ಕಲಿಸಿಲ್ಲವೇ ಎಂದು ತಂದೆಯನ್ನು ಕೇಳಿದರು. ಫೋನಿನ ಆಚೆ ಎಲ್ಲವನ್ನೂ ಆಲಿಸುತ್ತಿದ್ದವರು ಕರೆ ಕಡಿದರು.

ವರ್ಗಾವಣೆ ಪತ್ರದ ಅರ್ಜಿಯನ್ನು ಪೂಜಿತಾ ಅಲ್ಲಿಯೇ ನಿಂತು ತುಂಬಿದಳು. ಕಾಲೇಜು ಬಿಡುವ ಕಾರಣ ಕೇಳಿದ ಅಂಕಣದಲ್ಲಿ, ತಂದೆ ಹೇಳಿದಂತೆ, ಸ್ವಂತ ಇಚ್ಛೆಯೆಂದು ಇಂಗ್ಲಿಷಿನಲ್ಲಿ ಬರೆದಳು. ಊರ್ಮಿಳಾ ಕನ್ನಡಕ ಹಾಕಿಕೊಂಡು ಓದಿದರು, ತಪ್ಪೇನೂ ಇಲ್ಲವೆಂದರು, ಸಹಿ ಹಾಕಿದರು.