ಈರಣ್ಣ ಭಾವ ಹಾಕಿದ ಮರಳು

ಸರೋಜಕ್ಕ, ಆ ಸಂಜೆ ಈರಣ್ಣ ಭಾವ ಮರಳು ಹಾಕಿದ್ದರು. ನಾನು ನೋಡಿದ್ದೆ. ನನ್ನ ಅಡಿಗೆಮನೆಯ ಕಿಟಕಿಯಲ್ಲಿ ನಿಂತು ಕಣ್ಣಾರೆ ನೋಡಿದ್ದೆ. ಮಾರನೆಯ ದಿನ ಆಸ್ಪತ್ರೆಯಲ್ಲಿ, ನಿಮ್ಮ ಹಾಸಿಗೆಯ ಪಕ್ಕದಲ್ಲಿ, ಅವರು ನನ್ನನ್ನು ಕೇಳಿದಾಗ ಗಮನಿಸಲಿಲ್ಲ ಎಂದೆ. ಅದು ಸುಳ್ಳು. ನೀವು ಜಾರಿ ಬಿದ್ದದ್ದು ಅವರ ಮರೆವಿನಿಂದಲ್ಲ, ನಾನು ಸುರಿದ ನೀರಿನಿಂದ.

ಇಷ್ಟನ್ನು ಬರೆಯಲು ನನಗೆ ಎಂಟು ವರ್ಷ ಬೇಕಾಯಿತು. ಮಾತು ಬೆಳೆಸುವುದು ನನ್ನ ಹಳೆಯ ಚಾಳಿ ಎಂದು ನಿಮಗೆ ಗೊತ್ತು — ಕಥೆ ಹೇಳುತ್ತ ಹೇಳುತ್ತ ಮುಖ್ಯವಾದದ್ದನ್ನೇ ಬದಿಗೆ ಸರಿಸಿಬಿಡುತ್ತೇನೆ. ಅದಕ್ಕೇ ಮೊದಲು ಅದನ್ನು ಬರೆದು ಮುಗಿಸಿದೆ. ಇನ್ನು ಉಳಿದದ್ದು.

ನಾನು ಮದುವೆಯಾಗಿ ಕ್ರೈಸ್ಟ್‌ಚರ್ಚಿಗೆ ಬಂದದ್ದು ಎರಡು ಸಾವಿರದ ಒಂದರ ಜನವರಿಯಲ್ಲಿ. ಊರಿನಲ್ಲಿ ಸಂಕ್ರಾಂತಿಯ ಚಳಿ, ಇಲ್ಲಿ ಸುಡು ಬೇಸಿಗೆ. ಗುಡ್ಡದ ಇಳಿಜಾರಿನಲ್ಲಿ ಎರಡು ಬಾಡಿಗೆ ಮನೆ, ಎರಡಕ್ಕೂ ಸೇರಿ ಒಂದೇ ಕಾಂಕ್ರೀಟು ದಾರಿ. ಮೇಲಿನದು ನಮ್ಮದು, ಕೆಳಗಿನದು ನಿಮ್ಮದು. ಕೆಳಗಿನ ಮನೆಯವರು ಧಾರವಾಡದವರು ಎಂದು ತಿಳಿದ ದಿನ ನಂಜನಗೂಡಿನ ನಾನು ಸಂತೋಷಕ್ಕೆ ಅತ್ತಿದ್ದೆ. ಅಂದಿನಿಂದ ನೀವು ನನಗೆ ಅಕ್ಕ, ಅವರು ಭಾವ.

ಚಳಿಗಾಲ ಕಲಿಸಿದವರೂ ನೀವೇ. ಕಾರಿನ ಮುಂದಿನ ಗಾಜಿಗೆ ಹಳೆಯ ಚಾದರ ಹೊದಿಸಿ ಮಲಗಬೇಕು. ಬೆಳಿಗ್ಗೆ ಗಾಜಿನ ಮೇಲೆ ಬಿಸಿನೀರು ಹುಯ್ಯಬಾರದು, ಸೀಳುತ್ತದೆ. ಇಳಿಜಾರಿನಲ್ಲಿ ಬ್ರೇಕು ಒತ್ತಬಾರದು, ಗೇರಿನಲ್ಲೇ ಇಳಿಸಬೇಕು. ನೆರಳಿರುವ ತಿರುವಿನಲ್ಲಿ ರಸ್ತೆ ಒದ್ದೆಯಾದಂತೆ ಕಂಡರೆ ಅದು ನೀರಲ್ಲ, ಐಸು.

"ಇಲ್ಲಿ ಐಸ್ ಅಂದ್ರ ಅತ್ತಿ ಇದ್ದಂಗ, ಪದ್ಮಾ. ಕಣ್ಣಿಗೆ ಏನೂ ಕಾಣಂಗಿಲ್ಲ. ಕಾಲಿಟ್ಟ ಮ್ಯಾಲೇ ಗೊತ್ತಾಗೂದು."

ಮೇ ತಿಂಗಳ ಒಂದು ಬೆಳಿಗ್ಗೆ ನಾನು ಹೊಸ್ತಿಲ ಮುಂದೆ ಒಂದು ಚೊಂಬು ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದುದನ್ನು ನೋಡಿ ನೀವು ಕೆಳಗಿನಿಂದಲೇ ಕೂಗಿದಿರಿ. "ಏ ಹುಡುಗಿ, ಚಳಿಗಾಲ ಮುಗಿಯೂತನ ನೀರು ಬ್ಯಾಡ. ಒಣಾ ನೆಲದ ಮ್ಯಾಲೆ ಚಾಕ್‌ಪೀಸಿಲೆ ಎರಡು ಗೆರಿ ಎಳಿ ಸಾಕು. ಲಕ್ಷ್ಮಿಗೂ ಸ್ವೆಟರ್ ಹಾಕ್ಕೊಂಡು ಬರೂದು ಗೊತ್ತಿರತೈತಿ."

ನಕ್ಕು "ಹೂಂ ಅಕ್ಕ" ಎಂದೆ. ಮೂರು ತಿಂಗಳು ಹಾಗೇ ನಡೆದುಕೊಂಡೆ. ಆ ಒಂದು ಶುಕ್ರವಾರದವರೆಗೆ.

ಭಾವನ ವಿಷಯವನ್ನೂ ನೀವೇ ನನಗೆ ಹೇಳಿದ್ದಿರಿ, ಒಲೆಯ ಮುಂದೆ ರೊಟ್ಟಿ ಬಡಿಯುತ್ತ. ಹಿಂದಿನ ವರ್ಷ ಅವರ ಕೆಲಸ ಹೋಗಿತ್ತು. ನಿಮಗೆ ಹೇಳದೆ ಎರಡು ತಿಂಗಳು ದಿನವೂ ಬುತ್ತಿ ಕಟ್ಟಿಸಿಕೊಂಡು ಹೊರಟು, ಲೈಬ್ರರಿಯಲ್ಲಿ ಕೂತು, ಸಂಜೆ ದಣಿದವರಂತೆ ಮನೆಗೆ ಬರುತ್ತಿದ್ದರು. "ನೌಕರಿ ಹೋದದ್ದಕ್ಕ ನನಗ ಸಿಟ್ಟಿಲ್ಲ. ದಿನಾ ನನ್ನ ಕೈಲೆ ರೊಟ್ಟಿ ಕಟ್ಟಿಸಿಕೊಂಡು ಹೋದ್ರಲ್ಲ, ಅದಕ್ಕ. ಇನ್ನೊಂದು ಸುಳ್ಳು ಹೇಳಿದ್ರ ನೀವು ನನ್ನ ಪಾಲಿಗೆ ಇಲ್ಲ ಅಂತ ಹೇಳಿಬಿಟ್ಟೀನಿ."

ಆಮೇಲೆ ಅವರಿಗೆ ಮರದ ಡಿಪೋ ಒಂದರಲ್ಲಿ ಕೆಲಸ ಸಿಕ್ಕಿತು. ಮೂಲೆಯ ಡೈರಿಗೆ ಹಾಲು ತರಲು ಹೋದರೂ ನಿಮಗೆ ಹೇಳಿಯೇ ಹೋಗುತ್ತಿದ್ದರು. ಕಳೆದುಕೊಂಡ ನಂಬಿಕೆಯನ್ನು ಕಾಳು ಕಾಳಾಗಿ ಕೂಡಿಸುತ್ತಿದ್ದರು ಆ ಮನುಷ್ಯ — ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ.

ಐಸಿನ ಮೇಲೆ ಕಾಲು ಜಾರದಿರಲೆಂದು ದಾರಿಗೆ ಮರಳು ಹಾಕುವುದು ಅವರ ಪಾಲಿನ ಕೆಲಸ. ಮರಳಿಗೆ ನೀವಿಬ್ಬರೂ ಉಸುಕು ಎನ್ನುತ್ತಿದ್ದಿರಿ. ಕಡಲ ದಂಡೆಯಿಂದ ತಂದ ಒಂದು ಚೀಲ ನಿಮ್ಮ ಗ್ಯಾರೇಜಿನಲ್ಲಿ ಇರುತ್ತಿತ್ತು. ರಾತ್ರಿ ಹೆಪ್ಪುಗಟ್ಟುವ ಸೂಚನೆ ಕಂಡ ಸಂಜೆ ಐಸ್‌ಕ್ರೀಮಿನ ಖಾಲಿ ಡಬ್ಬಿಯಲ್ಲಿ ಅದನ್ನು ತುಂಬಿಕೊಂಡು, ಹೊಲದಲ್ಲಿ ಬೀಜ ಚೆಲ್ಲುವವರ ಹಾಗೆ ಕೈ ಬೀಸಿ ಬೀಸಿ ಹಾಕುತ್ತಿದ್ದರು.

ಆ ಗುರುವಾರ ಸಂಜೆಯೂ ಹಾಕಿದರು. ನನ್ನ ಬಾಗಿಲಿನಿಂದ ಶುರುಮಾಡಿ ನಿಮ್ಮ ಗ್ಯಾರೇಜಿನವರೆಗೆ. ದಾರಿಯ ದೀಪ ಉರಿಯುತ್ತಿತ್ತು. ನಾನು ಪಾತ್ರೆ ತೊಳೆಯುತ್ತಿದ್ದೆ. ಕೆಲಸ ಮುಗಿಸಿ ಅವರು ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದರು. ಆಮೇಲೆ — ಅದನ್ನು ಕೊನೆಗೆ ಹೇಳುತ್ತೇನೆ. ಈಗ ಕೈ ಬರುತ್ತಿಲ್ಲ.

ಮಾರನೆಯ ದಿನ ವರಮಹಾಲಕ್ಷ್ಮಿ ಹಬ್ಬ. ಮದುವೆಯಾದ ಮೇಲೆ ನನ್ನ ಮೊದಲನೆಯದು. ನಮ್ಮ ಮನೆಯವರು ಆ ವಾರ ಕೆಲಸದ ಮೇಲೆ ಪಾಮರ್ಸ್ಟನ್ ನಾರ್ತಿಗೆ ಹೋಗಿದ್ದರು. ಊರಿನಿಂದ ಅಜ್ಜಿ ಫೋನಿನಲ್ಲಿ ಹೇಳಿದ್ದರು: "ಹೊಸ್ತಿಲು ತೊಳೀದೆ ಇರೋ ಮನೆಗೆ ಅವಳು ಕಾಲಿಡಲ್ಲ ಕಣೇ." ನಾನು ಐದಕ್ಕೆಲ್ಲ ಎದ್ದು ಸ್ನಾನ ಮಾಡಿ ಬಾಗಿಲು ತೆರೆದೆ. ಕತ್ತಲು. ಚಪ್ಪಲಿಯ ಕೆಳಗೆ ಮರಳು ಕಿರ್ ಎಂದಿತು. ಹಬ್ಬದ ದಿನ ಹೊಸ್ತಿಲಲ್ಲಿ ಮರಳೇ ಎಂದು ಕಸಿವಿಸಿಯಾಯಿತು. ಅದರ ಮೇಲೆ ರಂಗೋಲಿಯ ಗೆರೆ ನಿಲ್ಲುವುದಿಲ್ಲ. ನಿಮ್ಮ ಮಾತು ನೆನಪಿರಲಿಲ್ಲ ಎಂದು ಹೇಳಲಾರೆ. ನೆನಪಿತ್ತು. ಬಿಸಿನೀರು ತಾನೆ, ಇದೆಲ್ಲಿ ಹೆಪ್ಪುಗಟ್ಟುತ್ತದೆ ಎಂದುಕೊಂಡೆ. ಎರಡು ಬಕೆಟ್ ಸುರಿದು ಪೊರಕೆಯಿಂದ ಉಜ್ಜಿದೆ. ಹೊಗೆಯಂತೆ ಆವಿ ಎದ್ದಿತು. ನೀರು ಮರಳನ್ನು ತಳ್ಳಿಕೊಂಡು ಇಳಿಜಾರಿನಲ್ಲಿ ನಿಮ್ಮ ಬಾಗಿಲ ಕಡೆ ಹರಿಯಿತು. ನಾನು ನನ್ನ ಹೊಸ್ತಿಲಷ್ಟನ್ನು ಬಟ್ಟೆಯಿಂದ ಒರೆಸಿ, ಎಂಟು ದಳದ ಕಮಲ ಬರೆದು, ಒಳಗೆ ಹೋಗಿ ಕಲಶಕ್ಕೆ ಸೀರೆ ಉಡಿಸುತ್ತ ಕೂತೆ.

ನನ್ನ ಹೊಸ್ತಿಲಷ್ಟನ್ನು ಮಾತ್ರ ಒರೆಸಿದೆ, ಸರೋಜಕ್ಕ.

ಆರೂವರೆಗೆ ನೀವು ಹೊರಟಿರಿ. ವೃದ್ಧಾಶ್ರಮದಲ್ಲಿ ನಿಮ್ಮದು ಏಳರ ಪಾಳಿ. ಮೊದಲು ನಿಮ್ಮ ಊಟದ ಡಬ್ಬಿ ಉರುಳಿದ ಸದ್ದು ಕೇಳಿತು. ಆಮೇಲೆ ನಿಮ್ಮ ಸದ್ದು.

ಬೇಲಿ ಹಿಡಿದುಕೊಂಡು ಇಳಿದು ಬಂದೆ. ದಾರಿಯೆಲ್ಲ ಗಾಜು ಹಾಸಿದಂತಿತ್ತು. ಭಾವ ಬರಿಗಾಲಿನಲ್ಲಿ ಓಡಿ ಬಂದು, ತಾವೂ ಬಿದ್ದು, ತೆವಳಿಕೊಂಡು ನಿಮ್ಮ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಆಂಬುಲೆನ್ಸು ಬಂತು. ಭಾವ ನಿಮ್ಮ ಜೊತೆ ಹೋದರು.

ಹತ್ತು ಗಂಟೆಗೆ ಬಿಸಿಲು ಬಿತ್ತು. ಐಸು ಕರಗಿದ ಮೇಲೆ ನೋಡಿದರೆ, ಭಾವ ಹಾಕಿದ್ದ ಅಷ್ಟೂ ಮರಳು ಬೇಲಿಯ ಪಕ್ಕ ಒಂದೇ ಗೆರೆಯಾಗಿ ಕೂತಿದೆ. ನೀರು ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು ಎಂದು ಯಾರಾದರೂ ಓದಬಹುದಾದ ಗೆರೆ. ಶುಕ್ರವಾರ ಕಸ ಹೊರಗೆ ಹಾಕಬಾರದು ಎಂದು ಅಜ್ಜಿ ಹೇಳಿಕೊಟ್ಟಿದ್ದರು. ಅದನ್ನೂ ಮರೆತಿರಲಿಲ್ಲ ನಾನು. ಪೊರಕೆ ತಂದು ಗುಡಿಸಿದೆ. ಒಟ್ಟುಮಾಡಿ ನನ್ನ ಗುಲಾಬಿ ಗಿಡಗಳ ಬುಡಕ್ಕೆ ಹಾಕಿ ಮೇಲೆ ಮಣ್ಣು ಎಳೆದೆ.

ಗಾಬರಿಯಲ್ಲಿ ನಾಲಗೆ ತಪ್ಪುವುದು ಬೇರೆ. ಇದು ಕೈ ಮಾಡಿದ ಕೆಲಸ. ಕಾಲು ಗಂಟೆ ಹಿಡಿಯಿತು.

ಮಧ್ಯಾಹ್ನ ಭಾವ ನಿಮ್ಮ ಬಟ್ಟೆ ಒಯ್ಯಲು ಬಂದರು. ಬಾಗಿಲ ಬೀಗ ತೆಗೆಯುವ ಮೊದಲು ದಾರಿಯಲ್ಲಿ ಮಂಡಿಯೂರಿ ಕಾಂಕ್ರೀಟನ್ನು ಅಂಗೈಯಿಂದ ಸವರಿದರು. ಒಂದು ಕಡೆ, ಇನ್ನೊಂದು ಕಡೆ. ಅಂಗೈ ತಿರುಗಿಸಿ ನೋಡಿಕೊಂಡರು. ನಾನು ಪರದೆಯ ಹಿಂದೆ ನಿಂತಿದ್ದೆ.

ನಾಲ್ಕು ಗಂಟೆಗೆ ಹಬ್ಬದ ಅರಿಶಿನ ಕುಂಕುಮ ಹಿಡಿದುಕೊಂಡು ಆಸ್ಪತ್ರೆಗೆ ಬಂದೆ. ನಿಮ್ಮ ಸೊಂಟದ ಮೂಳೆ ಮುರಿದಿತ್ತು. ಮಾರನೆಯ ದಿನ ಆಪರೇಷನ್ ಎಂದಿದ್ದರು. ನೋವಿನ ಔಷಧಿಯಲ್ಲೂ ನಿಮ್ಮ ದನಿ ಗಟ್ಟಿಯಾಗಿತ್ತು.

"ನಿನ್ನೆ ಸಂಜೀಕ ಉಸುಕು ಹಾಕಿದ್ರೇನ್ರಿ?"

"ಹಾಕೀನಿ," ಎಂದರು ಭಾವ.

"ಹಂಗಾರ ಎಲ್ಲಿ ಹೋತು? ನನ್ನ ಕಾಲಿಗೆ ಒಂದು ಕಾಳೂ ಹತ್ತಲಿಲ್ಲ."

"ಹಾಕೀನಿ ಸರೋಜಾ. ನಿನ್ನಾಣಿ."

"ಆಣಿ ಹಾಕಬ್ಯಾಡ್ರಿ. ಲೈಬ್ರರಿಗೆ ಹೋಗಾಗನೂ ಹಿಂಗ ಅಂತಿದ್ರಿ. ಮರತೆ ಅಂತ ಅನ್ರಿ, ಅಷ್ಟ ಸಾಕು ನನಗ."

ಭಾವ ನನ್ನ ಕಡೆ ತಿರುಗಿದರು. ಮುಖದಲ್ಲಿ ಎಷ್ಟು ಧೈರ್ಯವಿತ್ತು ಆಗ — ದಡ ಸಿಕ್ಕಿದವರ ಧೈರ್ಯ. "ತಂಗೆವ್ವಾ, ನೀ ಕಿಟಕ್ಯಾಗ ಇದ್ದಿ. ನೋಡೀದಿ ಅಲ್ಲಾ? ಹೇಳು ಈಕಿಗೆ."

"ನಾನು ಗಮನಿಸ್ಲಿಲ್ಲ ಭಾವ. ಒಲೆ ಮುಂದೆ ಇದ್ದೆ."

ಅವರು ನನ್ನನ್ನು ಒಂದು ಸಲ ನೋಡಿದರು. ಸಿಟ್ಟಿರಲಿಲ್ಲ. ಗೊತ್ತಿರುವ ಮನೆಯ ಬಾಗಿಲು ತಟ್ಟಿದಾಗ ಬೇರೆ ಯಾರೋ ಬಂದು ತೆರೆದರೆ ಹೇಗೆ ನೋಡುತ್ತಾರೋ ಹಾಗೆ. ಆಮೇಲೆ ಫ್ಲಾಸ್ಕು ತೆಗೆದುಕೊಂಡು ನೀರು ತರಲು ಹೋದರು. ನೀವು ಗೋಡೆಯ ಕಡೆ ಮುಖ ಮಾಡಿದಿರಿ.

ಏಕೆ ಹಾಗೆಂದೆ? ನೋಡಿದೆ ಎಂದರೆ ಮುಂದಿನ ಪ್ರಶ್ನೆ, ಹಾಗಾದರೆ ಎಲ್ಲಿ ಹೋಯಿತು ಎಂಬುದು. ಪೊಲೀಸರು ಬರುತ್ತಾರೆ, ಕೋರ್ಟು, ವೀಸಾ, ಇವರ ಕೆಲಸ — ಏನೇನೋ ತಲೆಯಲ್ಲಿ ಓಡಿತ್ತು. ಆದರೆ ಎರಡು ವಾರ ಕಳೆದ ಮೇಲೆ ನಿಮ್ಮ ಅಪಘಾತದ ಫಾರಂ ತುಂಬಿಕೊಟ್ಟವಳು ನಾನೇ. ಯಾರ ತಪ್ಪು ಎಂಬ ಪ್ರಶ್ನೆ ಅದರಲ್ಲಿ ಎಲ್ಲೂ ಇರಲಿಲ್ಲ. ಈ ದೇಶದಲ್ಲಿ ಬಿದ್ದವರಿಗೆ ಅದನ್ನು ಕೇಳದೆಯೇ ಚಿಕಿತ್ಸೆ ಕೊಡುತ್ತಾರೆ. ಹೆದರಲು ಏನೂ ಇರಲಿಲ್ಲ ಎಂದು ಅವತ್ತೇ ತಿಳಿಯಿತು. ಅವತ್ತೂ ಹೇಳಲಿಲ್ಲ. ಹಾಗಾಗಿ ಭಯ ಎಂಬ ಮಾತನ್ನು ಮುಂದೆ ಹಿಡಿಯುವ ಹಕ್ಕು ನನಗಿಲ್ಲ. ನಿಮ್ಮ ಕಣ್ಣಿಗೆ ನಾನು ಒಳ್ಳೆಯ ಹುಡುಗಿಯಾಗಿಯೇ ಇರಬೇಕಿತ್ತು. ಅಷ್ಟೇ. ಅದಕ್ಕಾಗಿ ಅವರನ್ನು ಸುಳ್ಳುಗಾರನನ್ನಾಗಿ ಮಾಡಿದೆ.

ನಿಮ್ಮ ಮೂಳೆಗೆ ಸಲಾಕೆ ಹಾಕಿದರು. ಹುಬ್ಬಳ್ಳಿಯಲ್ಲಿ ಹತ್ತು ವರ್ಷ ನರ್ಸಾಗಿದ್ದ ನೀವು ಇಲ್ಲಿಯೂ ನರ್ಸಾಗಲು ಓದುತ್ತಿದ್ದಿರಿ. ದಿನವಿಡೀ ನಿಲ್ಲಲಾರದ ಕಾಲಿನಿಂದ ಅದು ಮುಗಿಯಿತು. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿದವಳೂ ನಾನೇ. ದಿನಾ ಸಾರು ಮಾಡಿಕೊಟ್ಟೆ, ತಲೆ ಬಾಚಿದೆ, ಕಾಲಿಗೆ ಎಣ್ಣೆ ಹಚ್ಚಿದೆ. "ಹಿಂದಿನ ಜನ್ಮದಾಗ ನೀ ನನ್ನ ಒಡಹುಟ್ಟಿದಾಕಿ" ಎನ್ನುತ್ತಿದ್ದಿರಿ. ನಾನು ಎಣ್ಣೆ ಹಚ್ಚುತ್ತಲೇ ಇರುತ್ತಿದ್ದೆ.

ಒಂದು ದಿನ ನಿಮ್ಮ ಅಡಿಗೆಮನೆಯಲ್ಲಿ ನಾನು ಒಗ್ಗರಣೆ ಹಾಕುತ್ತಿದ್ದಾಗ ಒಳಗಿನಿಂದ ಭಾವನ ದನಿ ಕೇಳಿತು. "ಹೌದು. ಹಾಕಿರಲಿಲ್ಲ. ಮರತಿದ್ದೆ. ಈಗ ಸಮಾಧಾನ ಆತೇನು?"

ಮಾಡದ ತಪ್ಪನ್ನು ಅವರು ಒಪ್ಪಿಕೊಂಡರು. ಮಾಡಿದವಳು ಎರಡು ಮಾರು ದೂರದಲ್ಲಿ ಸೌಟು ಹಿಡಿದು ನಿಂತಿದ್ದಳು. ನೀವು "ಇದನ್ನ ಅವತ್ತ ಹೇಳಿದ್ರ..." ಎಂದಿರಿ. ಆ ವಾರದಿಂದ ಭಾವನ ಹಾಸಿಗೆ ಹೊರಗಿನ ಕೋಣೆಗೆ ಬಂತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಿದ್ದರು ನಮ್ಮಜ್ಜಿ. ಭಾವನ ಮಾನ ಹೋದದ್ದು ಒಂದು ಡಬ್ಬಿ ಮರಳಿಗೆ.

ನೀವು ಬಿದ್ದ ನಾಲ್ಕು ವರ್ಷಕ್ಕೆ ಉತ್ತರಕ್ಕೆ, ತಕಾನಿನಿಗೆ ಹೋದಿರಿ. ಅಲ್ಲಿ ರಸ್ತೆ ಹೀಗೆ ಹೆಪ್ಪುಗಟ್ಟುವುದಿಲ್ಲ ಎಂದು. ಹೊಸ ಮನೆಯ ಗೃಹಪ್ರವೇಶಕ್ಕೆ ನಾವೂ ಬಂದಿದ್ದೆವು. ಗ್ಯಾರೇಜಿನಲ್ಲಿ ಊಟದ ಸಾಲು. ನಾನು ಹೋಳಿಗೆ ಬಡಿಸುತ್ತ ಭಾವನ ಮುಂದೆ ಬಂದಾಗ ಅವರು ತಗ್ಗಿದ ದನಿಯಲ್ಲಿ ಹೇಳಿದರು: "ಒಂದೊಂದ ಸಲ ಅನಸತೈತಿ, ತಂಗೆವ್ವಾ. ಖರೇನ ನಾ ಉಸುಕು ಹಾಕಿರಲಿಲ್ಲೇನೋ ಅಂತ. ನೀ ಕಿಟಕ್ಯಾಗ ಕೈ ಎತ್ತಿದ್ದೂ ನನ್ನ ಕನಸೇನೋ ಅಂತ."

ಕೊನೆಗೆ ಹೇಳುತ್ತೇನೆ ಎಂದದ್ದು ಇದೇ, ಸರೋಜಕ್ಕ. ಆ ಸಂಜೆ ಮರಳು ಹಾಕಿ ಮುಗಿಸಿ ಅವರು ನೆಟ್ಟಗಾದಾಗ ಕಿಟಕಿಯಲ್ಲಿ ನನ್ನನ್ನು ಕಂಡು ಖಾಲಿ ಡಬ್ಬಿ ಎತ್ತಿ ತೋರಿಸಿದ್ದರು. ಸೋಪಿನ ನೊರೆ ಮೆತ್ತಿದ ಕೈಯನ್ನು ನಾನೂ ಎತ್ತಿದ್ದೆ. ನಾನು ನೋಡಿದ್ದೇನೆ ಎಂದು ಅವರಿಗೆ ಗೊತ್ತಿತ್ತು. ನಾನು ಕೈ ಎತ್ತಿದ್ದನ್ನು ನಾಲ್ಕು ವರ್ಷ ಯಾರಿಗೂ ಹೇಳದೆ, ಕೊನೆಗೆ ತಮ್ಮ ಕಣ್ಣನ್ನೇ ಅನುಮಾನಿಸುವ ಮಟ್ಟಕ್ಕೆ ಬಂದಿದ್ದರು. ಅಥವಾ, ಮಾತಾಡಲು ನನಗೊಂದು ದಾರಿ ಮಾಡಿಕೊಟ್ಟರೋ — ನಾನರಿಯೆ.

ನಾನು ಹೇಳಿದ್ದು: "ಇನ್ನೊಂದು ಹೋಳಿಗೆ ಹಾಕ್ಲಾ ಭಾವ?"

ಹೋದ ವರ್ಷ ಭಾವ ತೀರಿಕೊಂಡರು. ಈ ಸಲ ವರ್ಷದ ಪೂಜೆಗೆ ಬಂದವರ ಮುಂದೆ ನೀವು ಕೋಲೂರಿ ನಿಂತು ಆ ಕಥೆ ಹೇಳಿದಿರಿ. "ನಮ್ಮ ಯಜಮಾನ್ರು ದಾರಿಗೆ ಉಸುಕು ಹಾಕೂ ಬದಲಿ ನನಗ ಒಂದು ಸುಳ್ಳು ಹಾಕಿದ್ರು." ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ನೀವು ಅವರ ಫೋಟೋ ಕಡೆ ತಿರುಗಿ ಮೆಲ್ಲಗೆ "ಅದೊಂದು ಸುಳ್ಳು ಹೇಳಬಾರದಿತ್ತು ಇವರು" ಎಂದಿರಿ. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿತು.

ಹಿಂದಿರುಗಿ ಬಂದ ಮೇಲೆ ಆ ಹಳೆಯ ಮನೆಗೆ ಹೋದೆ. ಈಗ ಅಲ್ಲಿ ಬೇರೆ ಯಾರೋ ಇದ್ದಾರೆ. ಕೇಳಿಕೊಂಡೆ, ಬಿಟ್ಟರು. ಗುಲಾಬಿಯ ಬುಡದಲ್ಲಿ ಕೂತು ಬೆರಳಿನಿಂದ ಕೆದಕಿದೆ. ಬರಿಯ ಮಣ್ಣು. ಭಾವ ಮರಳು ಹಾಕಿದ್ದಕ್ಕೆ ಈಗ ಉಳಿದಿರುವ ಗುರುತು ನಾನೊಬ್ಬಳೇ.

ಇದನ್ನು ಅಂಚೆಗೆ ಹಾಕುವುದಿಲ್ಲ. ಬರುವ ಶನಿವಾರ ಬರುತ್ತೇನೆ. ನೀವು ಕುಳಿತಿರಿ, ಅವರ ಫೋಟೋ ಇರಲಿ, ನಾನು ನಿಂತು ಓದುತ್ತೇನೆ. ಓದಿ ಮುಗಿದ ಮೇಲೆ ನೀವು ಬಾಗಿಲು ತೋರಿಸಿದರೆ ಹೊರಡುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಭಾವ ಅವತ್ತು ಕೇಳಿದ್ದಕ್ಕೆ ಉತ್ತರವನ್ನಷ್ಟೇ ಹೇಳಿ ಹೋಗುತ್ತೇನೆ.

ಹೌದು ಭಾವ. ನೋಡಿದ್ದೆ. ಕೈಯನ್ನೂ ಎತ್ತಿದ್ದೆ.