ಬಿಳಿಯೊಳಗೆ ನಾಟ್ರಾಂಪಾಳ್ಯದ ಕೆಂಪು

1994ರ ಜೂನ್ 13, ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಹೊಸೂರಿನ ಕುಂಬಾರಿಕೆ ತರಬೇತಿ ಕೇಂದ್ರವೊಂದರಲ್ಲಿ ಶಿಕ್ಷಕಿಯಾಗಿ ಮೊದಲ ಹಾಜರಿ ಸಹಿ ಹಾಕಿದ ಶ್ರೀಮತಿ ಗಂಗರತ್ನಮ್ಮನವರು, ಬಣ್ಣಬಣ್ಣದ ಮಣ್ಣುಗಳನ್ನು ಪದರಪದರವಾಗಿ ಮಡಿಸಿ, ಅಮೃತಶಿಲೆಯಂತೆ ಗೆರೆಗೆರೆಯಾದ ಪಾತ್ರೆಗಳನ್ನು ಮಾಡುವ ವಿದ್ಯೆಯನ್ನು ಈ ಸೀಮೆಯಲ್ಲಿ ಬೆಳೆಸಿದವರು. ಅಂದು ಅವರೊಡನೆ ಬಸ್ಸಿನಿಂದ ಇಳಿದದ್ದು ತವರೂರು ನಾಟ್ರಾಂಪಾಳ್ಯದ ಕೆಂಪುಮಣ್ಣಿನ ಒಂದು ಗೋಣಿಚೀಲ.

ಆ ಮಣ್ಣನ್ನು ಬಿಳಿಮಣ್ಣಿನೊಡನೆ ಒಂದೇ ಬಟ್ಟಲಲ್ಲಿ ಕೂಡಿಸಬೇಕೆಂಬುದು ಅವರ ಆಸೆ. ಆದರೆ ಒಣಗಿ ಬೇಯುವಷ್ಟರಲ್ಲಿ ಕೆಂಪು ನೂರಕ್ಕೆ ಹನ್ನೆರಡರಷ್ಟು ಕುಗ್ಗಿದರೆ ಬಿಳಿ ಏಳರಷ್ಟೇ ಕುಗ್ಗುತ್ತಿತ್ತು. ಎರಡೂ ಸೇರುವ ಗೆರೆಯಲ್ಲೇ ಬಟ್ಟಲು ಸೀಳುತ್ತಿತ್ತು. ಬೇರೆ ಮಣ್ಣುಗಳಿಂದ ಮಾಡಿದ ಅವರ ಪಾತ್ರೆಗಳು ಕೃಷ್ಣಗಿರಿಯ ಪ್ರದರ್ಶನಗಳಲ್ಲಿ ಹೆಸರು ಗಳಿಸಿದರೂ, ಮಡಕೆ ತಟ್ಟಿಯೇ ಮಗಳನ್ನು ಓದಿಸಿದ ತಾಯಿ ಪಿಳ್ಳಮ್ಮನವರು ಪ್ರತಿ ಸಲ ಕೇಳುತ್ತಿದ್ದುದು ಒಂದೇ: "ಇದೆಲ್ಲಾ ಸರಿ, ನಮ್ಮ ಮಣ್ಣಿಂದು ಎಲ್ಲಮ್ಮಿ? ಒಡೀದೆ ಇರೋದು ಒಂದ್ ತಂದು ತೋರ್ಸು."

2011ರಲ್ಲಿ ಪಿಳ್ಳಮ್ಮನವರು ತೀರಿಕೊಂಡರು. ಬಟ್ಟಲು ಆಗಿರಲಿಲ್ಲ. ಆಮೇಲೂ ಪಾತ್ರೆ ಸುಡುವ ಆವಿಗೆಯಲ್ಲಿ ಪ್ರತಿ ಸಲ ಒಂದು ಮೂಲೆ ಅದಕ್ಕೇ ಮೀಸಲಾಗಿತ್ತು.

ರಸಾಯನಶಾಸ್ತ್ರದ ಪದವಿ ಮುಗಿಸಿ ಕೇಂದ್ರಕ್ಕೆ ಸೇರಿದ ಶಿಷ್ಯೆ ಸುಷ್ಮಾ, ಮೊದಲ ವಾರದಲ್ಲೇ, ಹನ್ನೆರಡು ಸಲ ಮಡಿಸಿ ನಿಲ್ಲಿಸಬೇಕಿದ್ದ ಕೆಂಪು-ಬಿಳಿಯನ್ನು ನಾದಿ ನಾದಿ ಗೆರೆಯೆಲ್ಲ ಅಳಿಸಿ ಕಂದು ಮುದ್ದೆ ಮಾಡಿಬಿಟ್ಟರು. ಆ ವರ್ಷ ತವರಿನಿಂದ ತಂದ ಮಣ್ಣೆಲ್ಲ ಅದರಲ್ಲೇ ಹೋಗಿತ್ತು.

"ಚಪಾತಿಗೆ ನಾದ್ದಂಗೆ ನಾದ್ಬುಟ್ಟಿದೀಯಲ್ಲಮ್ಮಿ! ಪಲ್ಯ ಎಲ್ಲಿ?" ಎಂದು ನಕ್ಕ ಗಂಗರತ್ನಮ್ಮನವರು, ಅಳುತ್ತಿದ್ದ ಸುಷ್ಮಾರಿಂದಲೇ ಲೋಟಗಳನ್ನು ಮಾಡಿಸಿ ಸುಟ್ಟರು. ಒಂದೂ ಸೀಳಲಿಲ್ಲ. ಅಳೆದು ನೋಡಿದರೆ ಕುಗ್ಗಿದ್ದು ಒಂಬತ್ತೂವರೆ, ಎರಡಕ್ಕೂ ನಡುವೆ. ಅಂದಿನಿಂದ ಕೆಂಪಿಗೂ ಬಿಳಿಗೂ ಮಧ್ಯೆ ಆ ಕಂದಿನ ತೆಳುಪದರವಿಟ್ಟು ಬಟ್ಟಲು ಕಟ್ಟತೊಡಗಿದರು. ಬಾಯಿಂದ ಬುಡದವರೆಗೆ ಹೋಗುತ್ತಿದ್ದ ಸೀಳು ವರ್ಷವರ್ಷಕ್ಕೂ ಚಿಕ್ಕದಾಯಿತು.

ಈ ಏಪ್ರಿಲ್ 30, ನಿವೃತ್ತಿಯ ದಿನ. ಆವಿಗೆಯಿಂದ ತೆಗೆದ ಬಟ್ಟಲನ್ನು ಗಂಗರತ್ನಮ್ಮನವರು ಬೆಳಕಿಗೆ ಹಿಡಿದು, ಬುಡದ ಬಳಿಯ ಸಣ್ಣ ಸೀಳಿನ ಮೇಲೆ ಉಗುರಾಡಿಸಿದರು.

"ಕಾಣೋದೇ ಇಲ್ಲ ಬುಡಿ ಟೀಚರ್, ಸಭೇಲಿ ಇಡಾನ," ಎಂದರು ಸುಷ್ಮಾ.

"ನಮ್ಮಮ್ಮಂಗೆ ಕಾಣ್ಸುತ್ತೆ ಕಣಮ್ಮಿ. ಸ್ಕೇಲ್ ತಾ."

ಸನ್ಮಾನದ ಮರುದಿನವೇ ಮಣ್ಣಿಗಾಗಿ ನಾಟ್ರಾಂಪಾಳ್ಯದ ಬಸ್ಸು ಹತ್ತಿದ ಈ ಹಿರಿಯರಿಗೆ ನೂರು ವರ್ಷದ ಆಯುಸ್ಸೂ, ಮಣ್ಣು ಮಡಿಸುವ ತೋಳಿಗೆ ಕುಂದದ ಬಲವೂ ಇರಲೆಂದು ಹಾರೈಸುತ್ತೇವೆ. ಉಳಿದಿರುವ ಬಿರುಕಿನ ಉದ್ದ ನಾಲ್ಕು ಮಿಲಿಮೀಟರ್.